ಥರ್ಡ್ ಪಾರ್ಟಿ ಗೊತ್ತು, ಫಸ್ಟ್ ಪಾರ್ಟಿ ಯಾರು?

ಹಳೆ ಕಾರಿನ ಜಾಹೀರಾತುಗಳಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: 'ಸಿಂಗಲ್ ಓನರ್, ಫಸ್ಟ್ ಪಾರ್ಟಿ ಇನ್ಶೂರೆನ್ಸ್ ಇದೆ.' ಮಾರುವವರು ಹಾಗೆ ಬರೆಯುತ್ತಾರೆ, ಬ್ರೋಕರ್‌ಗಳು ಹಾಗೆ ಹೇಳುತ್ತಾರೆ, ಈಗೀಗ ಕೆಲವು ಏಜೆಂಟರ ಬಾಯಲ್ಲೂ ಅದೇ ಮಾತು. ಪಾಲಿಸಿ ಕಾಗದ ತೆಗೆದು ನೋಡಿ. 'ಫಸ್ಟ್ ಪಾರ್ಟಿ' ಎಂಬ ಹೆಸರಿನ ಪಾಲಿಸಿ ಅಲ್ಲಿ ಇರುವುದಿಲ್ಲ. ನಮ್ಮ ದೇಶದಲ್ಲಿ ಸ್ವಂತ ಬಳಕೆಯ ಕಾರಿಗೆ ಸಿಗುವ ಪಾಲಿಸಿಗಳು ಮೂರು. ಬರೀ ಹೊಣೆಯದ್ದು, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟದ್ದು. ಅದಕ್ಕೆ ಲಯಬಿಲಿಟಿ ಓನ್ಲಿ ಎಂದು ಹೆಸರು, ಜನ ಥರ್ಡ್ ಪಾರ್ಟಿ ಅನ್ನುವುದು ಇದಕ್ಕೆ. ಬರೀ ನಿಮ್ಮ ಕಾರಿನದ್ದು, ಅದು ಸ್ಟ್ಯಾಂಡ್ ಅಲೋನ್ ಓನ್ ಡ್ಯಾಮೇಜ್. ಎರಡೂ ಸೇರಿದ್ದು ಪ್ಯಾಕೇಜ್ ಪಾಲಿಸಿ, ಅಂದರೆ ಕಾಂಪ್ರಹೆನ್ಸಿವ್. ಜನ ಫಸ್ಟ್ ಪಾರ್ಟಿ ಅನ್ನುವುದು ಈ ಮೂರನೆಯದಕ್ಕೆ.

ಹೆಸರು ಏನಾದರೇನು, ಅರ್ಥ ಆದರೆ ಸಾಕಲ್ವಾ ಅನ್ನಬಹುದು. ತೊಂದರೆ ಏನೆಂದರೆ, ಅರ್ಥ ಆಗಿರುವುದಿಲ್ಲ. ತಪ್ಪು ತಿಳಿದವರು ಸಾವಿರಗಟ್ಟಲೆ ಕಳೆದುಕೊಳ್ಳುತ್ತಿದ್ದಾರೆ. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

'ಪಾರ್ಟಿ'ಯ ಬೇರು ಲ್ಯಾಟಿನ್‌ನಲ್ಲಿದೆ. ಭಾಗ ಮಾಡು ಎಂಬ ಅರ್ಥದ ಪದ ಅದು. ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬಂದಾಗ ಪಾಲು, ಕಡೆ, ಒಂದು ಕಡೆಯವರು ಎಂದೆಲ್ಲ ಅರ್ಥ ಪಡೆಯಿತು. ನಮ್ಮ 'ಪಕ್ಷ'ವೂ ಇದೇ ದಾರಿ ಹಿಡಿದ ಪದ. ಸಂಸ್ಕೃತದಲ್ಲಿ ಅದು ರೆಕ್ಕೆ, ಮಗ್ಗುಲು. ಅಲ್ಲಿಂದ ಒಂದು ಕಡೆ, ಒಂದು ಕಡೆಯ ಜನ. ಹಾಗಾಗಿಯೇ ರಾಜಕೀಯಕ್ಕೂ ಪಕ್ಷ, ಕೋರ್ಟಿಗೆ ಹೋದವರೂ ಪಕ್ಷಕಾರರು. ಸೈಟ್ ವ್ಯಾಪಾರದಲ್ಲಿ 'ಪಾರ್ಟಿ ರೆಡಿ ಇದೆ' ಅಂತೀವಲ್ಲ, ಅದೂ ಇದೇ ಅರ್ಥ: ವ್ಯವಹಾರದ ಒಂದು ಕಡೆಯವರು. ಕರಾರು ಪತ್ರ ಬರೆಸಿದವರಿಗೆ 'ಒಂದನೇ ಪಾರ್ಟಿಯವರು, ಎರಡನೇ ಪಾರ್ಟಿಯವರು' ಎಂಬ ಮಾತು ಹೊಸದಲ್ಲ.

ಇನ್ಶೂರೆನ್ಸ್ ಕೂಡ ಒಂದು ಕರಾರೇ. ದುಡ್ಡು ಕಟ್ಟುವ ನೀವು ಒಂದನೇ ಪಾರ್ಟಿ. ದುಡ್ಡು ತೆಗೆದುಕೊಂಡು ಮಾತು ಕೊಡುವ ಕಂಪನಿ ಎರಡನೇ ಪಾರ್ಟಿ. ಈ ಕರಾರಿಗೆ ಸಹಿ ಹಾಕದ, ಅದು ಇದೆ ಎಂದೂ ಗೊತ್ತಿಲ್ಲದ, ಆದರೆ ನಿಮ್ಮ ಕಾರಿನಿಂದ ಪೆಟ್ಟು ತಿನ್ನುವ ಮನುಷ್ಯ ಮೂರನೇ ಪಾರ್ಟಿ. ರಸ್ತೆ ದಾಟುತ್ತಿದ್ದ ಅಜ್ಜ, ಪಕ್ಕದ ಬೈಕಿನವನು, ಎದುರು ಮನೆಯ ಕಾಂಪೌಂಡಿನ ಯಜಮಾನ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರ್ಕಾರವೂ ಮೂರನೇ ಪಾರ್ಟಿಯೇ. ಅಂದರೆ ನೀವು ಗುದ್ದಿದ ಬೀದಿ ದೀಪದ ಕಂಬಕ್ಕೂ ಥರ್ಡ್ ಪಾರ್ಟಿ ಪಾಲಿಸಿಯಿಂದ ದುಡ್ಡು ಹೋಗುತ್ತದೆ.

ಈಗ 'ಥರ್ಡ್ ಪಾರ್ಟಿ' ಎಂದರೆ ದರ್ಜೆಯಲ್ಲ ಎಂಬುದು ತಿಳಿಯುತ್ತದೆ. ಅದು ಮೂರನೇ ದರ್ಜೆಯ ಅಗ್ಗದ ಪಾಲಿಸಿ, ಫಸ್ಟ್ ಪಾರ್ಟಿ ಅಂದರೆ ಒಂದನೇ ದರ್ಜೆಯ ಒಳ್ಳೆ ಪಾಲಿಸಿ ಎಂದು ತುಂಬಾ ಜನ ನಂಬಿದ್ದಾರೆ. ರೈಲಿನ ಬೋಗಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿರುವ ಸಂಖ್ಯೆ ಹೇಳುವುದು ದುಡ್ಡು ಯಾರ ನಷ್ಟಕ್ಕೆ ಹೋಗುತ್ತದೆ ಎಂಬುದನ್ನು ಮಾತ್ರ. ಒಂದು ಮಾತು ಒಪ್ಪಬೇಕು. ತನ್ನ ನಷ್ಟಕ್ಕೆ ತಾನೇ ಕೇಳುವ ಪರಿಹಾರವನ್ನು ಫಸ್ಟ್ ಪಾರ್ಟಿ ಕ್ಲೇಮ್ ಅನ್ನುವ ರೂಢಿ ಬೇರೆ ಕೆಲವು ದೇಶಗಳಲ್ಲಿ ಇದೆ. ಆದರೆ ಅದರಲ್ಲಿ ಥರ್ಡ್ ಪಾರ್ಟಿಯೂ ಸೇರಿದೆ ಎಂಬ ಅರ್ಥ ಅಲ್ಲಿಲ್ಲ. ನಾವು ಮಾತ್ರ ಎರಡೂ ಸೇರಿದ ಪಾಲಿಸಿಗೆ ಒಂದರ ಹೆಸರು ಇಟ್ಟುಕೊಂಡಿದ್ದೇವೆ.

ಈ ತಪ್ಪು ಹೆಚ್ಚು ಕಾಡುವುದು ಹಳೆ ಕಾರು ಕೊಳ್ಳುವವರನ್ನು. ಒಂದನೇ ಪಾರ್ಟಿ ಯಾರು? ಪಾಲಿಸಿ ಮಾಡಿಸಿದವನು, ಅಂದರೆ ಮಾರಿದವನು. ಕಾರು ನಿಮ್ಮ ಕೈಗೆ ಬಂದ ತಕ್ಷಣ ನೀವು ಆ ಕರಾರಿನ ಪಾರ್ಟಿ ಆಗುವುದಿಲ್ಲ. ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಕಾರಿನ ಜೊತೆ ಇನ್ಶೂರೆನ್ಸೂ ಹೊಸ ಮಾಲೀಕರಿಗೆ ವರ್ಗ ಆಗಿದೆ ಎಂದೇ ಎಣಿಸಲಾಗುತ್ತದೆ. ಸರಿ, ಆದರೆ ಅದು ಥರ್ಡ್ ಪಾರ್ಟಿ ಭಾಗಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ ತೊಂಬತ್ತರ ದಶಕದಲ್ಲೇ ಹೇಳಿದೆ. ಕಾರಿನ ಸ್ವಂತ ಡ್ಯಾಮೇಜಿಗೆ ದುಡ್ಡು ಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಬರಬೇಕು. ಕಾರು ವರ್ಗವಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಆರ್‌ಸಿ ಹೆಸರು ಬದಲಾಯಿಸಿ, ಪಾಲಿಸಿಯನ್ನು ಹಾಗೇ ಬಿಟ್ಟವರು ಎಷ್ಟೋ ಜನ. ಅವರ ಕಾರು ಮರಕ್ಕೆ ಗುದ್ದಿದರೆ ಕಂಪನಿ 'ನಮ್ಮ ಕರಾರು ನಿಮ್ಮ ಜೊತೆ ಇಲ್ಲ' ಅನ್ನುತ್ತದೆ. ಆ ಮಾತಿನಲ್ಲಿ ಮೋಸ ಏನೂ ಇಲ್ಲ. ಮಾರಿದವನಿಗಿದ್ದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಕೂಡ ನಿಮಗೆ ಬರುವುದಿಲ್ಲ. ಅದು ಕಾರಿಗೆ ಸಿಕ್ಕಿದ್ದಲ್ಲ, ಆ ಮನುಷ್ಯನಿಗೆ ಸಿಕ್ಕಿದ್ದು. ಪಾಲಿಸಿ ವರ್ಗ ಮಾಡಿಸುವಾಗ ಆ ವ್ಯತ್ಯಾಸವನ್ನು ನೀವು ಕಟ್ಟಿಕೊಡಬೇಕು.

ಮೂರನೇ ಪಾರ್ಟಿಯ ಬಗ್ಗೆಯೂ ಒಂದು ಗೊಂದಲ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇಟ್ಟುಕೊಂಡವರು 'ಕಾರು ಹೋದರೆ ಹೋಗಲಿ, ಜನರಿಗೆ ಏನಾದರೂ ಆದರೆ ಬರುತ್ತಲ್ಲ' ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಯಾವ ಜನರಿಗೆ? ಸ್ವಂತ ಕಾರಿನಲ್ಲಿ ಸುಮ್ನೆ ಕೂತು ಬಂದ ಅಣ್ಣ, ಅತ್ತಿಗೆ, ಸ್ನೇಹಿತರು ಈ ಪಾಲಿಸಿಯ ಲೆಕ್ಕದಲ್ಲಿ ಮೂರನೇ ಪಾರ್ಟಿ ಅಲ್ಲ. ಸುಪ್ರೀಂ ಕೋರ್ಟ್ ಇದನ್ನು ಒಂದಕ್ಕಿಂತ ಹೆಚ್ಚು ತೀರ್ಪಿನಲ್ಲಿ ಹೇಳಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಕಾರಿನಲ್ಲಿ ಕೂತವರಿಗೂ ರಕ್ಷಣೆ ಇದೆ. ಗಾಡಿ ಓಡಿಸುತ್ತಿದ್ದ ಮಾಲೀಕರಂತೂ ಯಾವ ಲೆಕ್ಕದಲ್ಲೂ ಮೂರನೆಯವರಲ್ಲ. ಅವರಿಗಾಗಿ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ. ಏಜೆಂಟ್ ಅದನ್ನು ಸೇರಿಸಿದರೆ 'ಇದ್ಯಾಕೆ, ತೆಗೀರಿ' ಅನ್ನಬೇಡಿ. ಬೇರೆ ಕಡೆ ಅಷ್ಟೇ ಮೊತ್ತದ ವಿಮೆ ಆಗಲೇ ಇದ್ದರೆ ಮಾತ್ರ ತೆಗೆಸಬಹುದು.

ಥರ್ಡ್ ಪಾರ್ಟಿ ಕಡ್ಡಾಯ ಎಂಬುದು ಎಲ್ಲರಿಗೂ ಗೊತ್ತು. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಪೊಲೀಸರಿಗೆ ತೋರಿಸಲು ಒಂದು ಕಾಗದ ಇರಲಿ ಎಂದು ಮಾಡಿಸುವವರೇ ಜಾಸ್ತಿ. ನನಗೆ ಇದು ಸರಿ ಕಾಣುವುದಿಲ್ಲ. ಎದುರಿನವರ ಸಾವು, ಗಾಯಕ್ಕೆ ನ್ಯಾಯಮಂಡಳಿ ತೀರ್ಮಾನಿಸುವ ಪರಿಹಾರಕ್ಕೆ ಈ ಪಾಲಿಸಿಯಲ್ಲಿ ಮೇಲಿನ ಮಿತಿ ಇಲ್ಲ. ಆಸ್ತಿ ಹಾನಿಗೆ ಮಾತ್ರ 7.5 ಲಕ್ಷದ ಮಿತಿ. ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಪರಿಹಾರ ಕೊಡುವಷ್ಟು ದುಡ್ಡು ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಇಡೀ ಇನ್ಶೂರೆನ್ಸ್‌ನಲ್ಲಿ ಅತಿ ಮುಖ್ಯವಾದ ಭಾಗ ಇದೇ.

ಇನ್ನು 'ಫುಲ್ ಇನ್ಶೂರೆನ್ಸ್', 'ಬಂಪರ್ ಟು ಬಂಪರ್'. ಈ ಎರಡು ಹೆಸರುಗಳು ಇನ್ನೊಂದು ತರಹದ ಆಸೆ ಹುಟ್ಟಿಸುತ್ತವೆ. ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ, ಅಂದರೆ ಹಳೆಯದಾದಂತೆ ಇಳಿಯುವ ಬೆಲೆಯನ್ನು ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ 50%, ಫೈಬರ್ ಗ್ಲಾಸಿಗೆ 30%, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಕಳೆಯುತ್ತಾರೆ. 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್ ಬದಲಾಯಿಸಿದರೆ ಕಂಪನಿಯ ಲೆಕ್ಕಕ್ಕೆ ಬರುವುದು 4,000. ಅದರಲ್ಲಿ ಕಡ್ಡಾಯವಾಗಿ ನೀವು ಹೊರಬೇಕಾದ 1,000 ಹೋಗುತ್ತದೆ. 1500 ಸಿಸಿ ದಾಟಿದ ಕಾರಾದರೆ 2,000. ಜೀರೋ ಡೆಪ್ ಎಂಬ ಆಡ್ ಆನ್ (ಹೆಚ್ಚಿನ ದುಡ್ಡು ಕೊಟ್ಟು ಪಡೆಯುವ ಹೆಚ್ಚುವರಿ ರಕ್ಷಣೆ) ಸೇರಿಸಿದರೆ ಆ ಸವಕಳಿ ಕಳೆಯುವುದಿಲ್ಲ. ಬಂಪರ್ ಟು ಬಂಪರ್ ಅನ್ನುವುದು ಇದಕ್ಕೇ. ಅಷ್ಟೇ ಅದರ ಕೆಲಸ. ಕಡ್ಡಾಯದ ಆ 1,000 ಆಗಲೂ ನಿಮ್ಮದೇ. ಸವೆದ ಟೈರು, ತಾನಾಗಿ ಕೆಟ್ಟ ಎಂಜಿನ್ ಇದರಲ್ಲಿ ಬರುವುದಿಲ್ಲ.

ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ನಿಂತುಹೋದ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಹಾಳು ಮಾಡಿಕೊಂಡವರು 'ನಂದು ಬಂಪರ್ ಟು ಬಂಪರ್ ಇದೆ' ಎಂದು ಜಗಳಕ್ಕೆ ನಿಲ್ಲುತ್ತಾರೆ. ನೀರು ನುಗ್ಗಿದ ಎಂಜಿನ್ನಿಗೆ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಆಡ್ ಆನ್ ಇದೆ. ಅದು ಇದ್ದರೂ ಇಲ್ಲದಿದ್ದರೂ ನೀರಿನಲ್ಲಿ ಕಾರು ನಿಂತರೆ ಕೀ ಮುಟ್ಟಬೇಡಿ, ಎಳೆಸಿಕೊಂಡು ಹೋಗಿ. ಹಾಗೆಯೇ ಕುಡಿದು ಓಡಿಸಿದರೆ, ಲೈಸೆನ್ಸ್ ಇಲ್ಲದವರು ಓಡಿಸಿದರೆ, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಟ್ಟಿದ್ದರೆ ಯಾವ 'ಫುಲ್' ಕೂಡ ನಿಮ್ಮ ಕಾರಿಗೆ ದುಡ್ಡು ಕೊಡಿಸುವುದಿಲ್ಲ.

ಇಷ್ಟು ಗೊತ್ತಾದರೆ ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ. ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಿದ್ದರೆ 7,897. ತೆರಿಗೆ ಬೇರೆ. ಯಾವ ಕಂಪನಿಗೆ ಹೋದರೂ ಇದೇ ದರ. ಇದರಲ್ಲಿ ಚೌಕಾಸಿ ಮಾಡಲು ಏನೂ ಇಲ್ಲ. ಕಂಪನಿಯಿಂದ ಕಂಪನಿಗೆ ಬದಲಾಗುವುದು ಓನ್ ಡ್ಯಾಮೇಜ್ ಭಾಗ ಮತ್ತು ಆಡ್ ಆನ್‌ಗಳ ದರ. ಆ ಸಾಲುಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿ. ಒಟ್ಟು ಮೊತ್ತ ನೋಡಿ ಮೋಸಹೋಗಬೇಡಿ.

ಒಟ್ಟು ಮೊತ್ತ ಕಡಿಮೆ ಕಾಣಿಸುವ ಸುಲಭದ ದಾರಿ ಐಡಿವಿ ಇಳಿಸುವುದು. ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಅದೇ ಮಾಡೆಲ್ಲಿನ ಈಗಿನ ಬೆಲೆಯಲ್ಲಿ ವಯಸ್ಸಿನ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ಒಂದರಿಂದ ಎರಡು ವರ್ಷದ ಕಾರಿಗೆ 20%, ಎರಡರಿಂದ ಮೂರಕ್ಕೆ 30%, ಮೂರರಿಂದ ನಾಲ್ಕಕ್ಕೆ 40%, ಐದರವರೆಗೆ 50%. 8 ಲಕ್ಷದ ಕಾರಿಗೆ ಎರಡೂವರೆ ವರ್ಷ ಆಗಿದೆ ಅಂದುಕೊಳ್ಳಿ. ಐಡಿವಿ 5.6 ಲಕ್ಷ ಇರಬೇಕು. ಯಾರೋ 4.5 ಲಕ್ಷ ಹಾಕಿ ಪ್ರೀಮಿಯಂ ಇಳಿಸಿ ತೋರಿಸುತ್ತಾರೆ. ಕಾರು ಕಳುವಾದ ದಿನ ನಿಮ್ಮ ಕೈ ಬಿಟ್ಟು ಹೋಗುವುದು 1.1 ಲಕ್ಷ. ಇನ್ನೊಂದು ಪೆಟ್ಟೂ ಇದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಾರನ್ನು ಟೋಟಲ್ ಲಾಸ್ ಎಂದು ಬಗೆಯುತ್ತಾರೆ. 5.6 ಲಕ್ಷಕ್ಕೆ ಆ ಗೆರೆ 4.2 ಲಕ್ಷದಲ್ಲಿದೆ. 4.5 ಲಕ್ಷಕ್ಕಾದರೆ 3.375 ಲಕ್ಷಕ್ಕೇ ಬಂದುಬಿಡುತ್ತದೆ. ರಿಪೇರಿ ಆಗಬಹುದಾಗಿದ್ದ ಕಾರು ಗುಜರಿಗೆ ಹೋಗುತ್ತದೆ, ಅದೂ ಕಡಿಮೆ ದುಡ್ಡಿಗೆ. ಐಡಿವಿ ಒಂದೇ ಇಟ್ಟು ಕೇಳಿದ ದರಗಳನ್ನು ಮಾತ್ರ ಹೋಲಿಸಿ.

ನಿಜವಾಗಿ ಪ್ರೀಮಿಯಂ ಇಳಿಸುವುದು ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಐದು ವರ್ಷಕ್ಕೆ 50%. ಇದು ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಮಾತ್ರ ಸಿಗುವ ರಿಯಾಯಿತಿ. ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಿದರೆ ಇದು ಸೊನ್ನೆಗೆ ಬರುತ್ತದೆ. ಗ್ಯಾರೇಜಿನವರು 'ಇನ್ಶೂರೆನ್ಸ್‌ನಲ್ಲಿ ಮಾಡಿಸಿಬಿಡಿ ಸಾರ್' ಅಂದಾಗ ಎರಡು ನಿಮಿಷ ಲೆಕ್ಕ ಹಾಕಿ. ಸವಕಳಿ, ಕಡ್ಡಾಯದ ಸಾವಿರ ಎಲ್ಲ ಕಳೆದು ಉಳಿಯುವ ದುಡ್ಡು ಮುಂದಿನ ವರ್ಷ ಕಳೆದುಕೊಳ್ಳುವ ಬೋನಸ್‌ಗಿಂತ ಕಡಿಮೆ ಇರಬಹುದು. ಹಾಗಿದ್ದರೆ ಕೈಯಿಂದಲೇ ಕೊಟ್ಟು ಮಾಡಿಸಿ. ಕಾರು ಮಾರಿ ಹೊಸದು ಕೊಳ್ಳುವಾಗ ಬೋನಸ್ ಉಳಿಸಿಕೊಳ್ಳುವ ಪತ್ರವನ್ನು ಹಳೆ ಕಂಪನಿಯಿಂದ ಕೇಳಿ ಪಡೆಯಿರಿ. ಮೂರು ವರ್ಷದೊಳಗೆ ಹೊಸ ಕಾರಿಗೆ ಅದನ್ನು ಹಾಕಿಸಬಹುದು. ಅದೇ ಕಾರನ್ನು ಇಟ್ಟುಕೊಂಡು ಪಾಲಿಸಿ ಮುಗಿದ 90 ದಿನದೊಳಗೆ ಮುಂದುವರಿಸದಿದ್ದರೆ ಐದು ವರ್ಷ ಕೂಡಿಟ್ಟ ಬೋನಸ್ ಪೂರ್ತಿ ಹೋಗುತ್ತದೆ.