ಒಬ್ಬ ಪಾದ್ರಿ, ನಾಲ್ಕಾರು ಚರ್ಚು: ಇಂಗ್ಲೆಂಡಿನ ಹಳ್ಳಿ ಪ್ಯಾರಿಷ್‌ಗಳ ಬಗ್ಗೆ ಟಿಪ್ಪಣಿ

ಕವಿ ಟೆನಿಸನ್ ಹುಟ್ಟಿದ್ದು 1809ರಲ್ಲಿ, ಲಿಂಕನ್‌ಶೈರಿನ ಸಾಮರ್ಸ್‌ಬಿ ಎಂಬ ಪುಟ್ಟ ಹಳ್ಳಿಯ ಪಾದ್ರಿಮನೆಯಲ್ಲಿ. ಅಷ್ಟು ನಮಗೆಲ್ಲ ಗೊತ್ತು. ನಾನು ಎಡವಿದ್ದು ಅವರ ತಂದೆ ಜಾರ್ಜ್ ಕ್ಲೇಟನ್ ಟೆನಿಸನ್ ವಿಷಯದಲ್ಲಿ. ಒಂದು ಕಡೆ ಅವರು ಸಾಮರ್ಸ್‌ಬಿಯ ರೆಕ್ಟರ್ ಎಂದಿದೆ, ಇನ್ನೊಂದು ಕಡೆ ಬ್ಯಾಗ್ ಎಂಡರ್ಬಿಯ ರೆಕ್ಟರ್, ಮತ್ತೊಂದು ಕಡೆ ಗ್ರೇಟ್ ಗ್ರಿಮ್ಸ್‌ಬಿಯ ವಿಕರ್ (ಎರಡೂ ಊರ ಪಾದ್ರಿಯ ಹುದ್ದೆಯ ಹೆಸರುಗಳೇ, ವ್ಯತ್ಯಾಸ ಮುಂದೆ ಹೇಳುತ್ತೇನೆ). ವರ್ಗಾವಣೆ ಆಗುತ್ತಾ ಹೋಗಿರಬೇಕು ಅಂದುಕೊಂಡು ಒಂದರ ಕೆಳಗೊಂದು ಬರೆದುಕೊಂಡಿದ್ದೆ. ತಪ್ಪು. ಮೂರೂ ಒಂದೇ ಕಾಲಕ್ಕೆ ಅವರ ಕೈಯಲ್ಲಿದ್ದವು. ಇದು ಹೇಗೆ ಸಾಧ್ಯ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಪದಗಳ ಬಗ್ಗೆ ಒಂದು ಮಾತು. ದಕ್ಷಿಣ ಭಾರತದ ಆಂಗ್ಲಿಕನ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಬೇರೆ ಸಭೆಗಳ ಜೊತೆ ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ಅಲ್ಲಿ ಕನ್ನಡದಲ್ಲಿ ‘ಸಭಾಪಾಲಕರು’ ಎನ್ನುತ್ತಾರೆ. ಒಳ್ಳೆಯ ಪದ, ಆದರೆ ಇಲ್ಲಿ ಬಳಸಿದರೆ ರೆಕ್ಟರ್ ಯಾರು, ವಿಕರ್ ಯಾರು ಎಂಬ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಹಾಗಾಗಿ ಆ ಎರಡನ್ನೂ ಇದ್ದಂತೆಯೇ ಇಟ್ಟಿದ್ದೇನೆ.

ಪ್ಯಾರಿಷ್ ನೆಲ, ಬೆನಿಫಿಸ್ ಹುದ್ದೆ

ಈ ಒಂದು ಸಾಲು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಪ್ಯಾರಿಷ್ ಎಂದರೆ ಗಡಿ ಇರುವ ಸೀಮೆ: ಇಂಥ ಹಳ್ಳ, ಇಂಥ ಬೇಲಿಯವರೆಗೆ ಈ ಚರ್ಚಿನದು. ಬೆನಿಫಿಸ್ ಎಂದರೆ ಆ ಸೀಮೆಯನ್ನು ನೋಡಿಕೊಳ್ಳುವ ಪಾದ್ರಿಯ ಹುದ್ದೆ, ಹಿಂದೆ ಅದಕ್ಕಂಟಿದ ಆದಾಯವೂ ಸೇರಿ.

ಒಬ್ಬ ಪಿಡಿಒಗೆ ಪಕ್ಕದ ಪಂಚಾಯಿತಿಯ ಪ್ರಭಾರ ಕೊಟ್ಟರು ಅಂದುಕೊಳ್ಳಿ. ಪಂಚಾಯಿತಿ ಎರಡು, ಹುದ್ದೆಯೂ ಎರಡು, ಕೂತವರು ಮಾತ್ರ ಒಬ್ಬರೇ. ಟೆನಿಸನ್ ತಂದೆಯವರದು ಇಂಥದ್ದು. ಇದಕ್ಕೆ ಪ್ಲೂರಾಲಿಟಿ ಎನ್ನುತ್ತಾರೆ. ಮಿತಿಮೀರಿ ಹುದ್ದೆ ಗುಡ್ಡೆ ಹಾಕಿಕೊಳ್ಳುವವರು ಇದ್ದುದರಿಂದ 1838ರ ಕಾನೂನು ಅದಕ್ಕೆ ಕಡಿವಾಣ ಹಾಕಿತು.

ಎರಡನೆಯ ಬಗೆಯಲ್ಲಿ ಹುದ್ದೆಗಳನ್ನೇ ಕೂಡಿಸಿ ಒಂದು ಮಾಡುತ್ತಾರೆ. ಇದು ಸಂಯುಕ್ತ ಬೆನಿಫಿಸ್. ನಾನು ಎರಡು ದಿನ ಸಿಕ್ಕಿಕೊಂಡಿದ್ದು ಇಲ್ಲೇ. ಹುದ್ದೆ ಒಂದಾಯಿತು ಎಂದರೆ ಹಳ್ಳಿಗಳೂ ಒಂದಾದವು ಅಂದುಕೊಂಡಿದ್ದೆ. ಆಗುವುದಿಲ್ಲ! ಐದು ಪ್ಯಾರಿಷ್‌ಗೆ ಒಂದೇ ಹುದ್ದೆ ಇದ್ದರೂ ಪ್ಯಾರಿಷ್ ಐದೇ. ಪ್ರತಿಯೊಂದಕ್ಕೂ ತನ್ನದೇ ಗಡಿ, ತನ್ನದೇ ಚರ್ಚ್ ಮತದಾರರ ಪಟ್ಟಿ, ತನ್ನದೇ ಪ್ಯಾರಿಷ್ ಚರ್ಚ್ ಕೌನ್ಸಿಲ್, ತನ್ನದೇ ಲೆಕ್ಕದ ಪುಸ್ತಕ, ಸಾಮಾನ್ಯವಾಗಿ ಇಬ್ಬರು ಚರ್ಚ್‌ವಾರ್ಡನ್‌ಗಳು, ಅಂದರೆ ಚರ್ಚಿನ ಮೇಲ್ವಿಚಾರಕರು. ಚರ್ಚಿನ ಬೆಳ್ಳಿ ಬಟ್ಟಲು, ಮೇಜು, ಕುರ್ಚಿಯಂಥ ಚರ ವಸ್ತುಗಳೆಲ್ಲ ಕಾನೂನಿನ ಪ್ರಕಾರ ಈ ವಾರ್ಡನ್‌ಗಳ ಹೆಸರಲ್ಲೇ ಇರುತ್ತವೆ, ಪಾದ್ರಿಯ ಹೆಸರಲ್ಲಲ್ಲ. ಪಾದ್ರಿ ಬಿಟ್ಟುಹೋಗಿ ಹೊಸಬರು ಬರುವ ತನಕ ಚರ್ಚಿನ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವವರೂ ಇವರೇ. ಸಂಬಳವಿಲ್ಲದ ಕೆಲಸ. ಹಳ್ಳಿಯ ಚರ್ಚು ಉಳಿದಿರುವುದು ಇವರಿಂದ ಎಂದು ನನಗನ್ನಿಸುತ್ತದೆ.

ಪ್ಯಾರಿಷ್‌ಗಳ ಗಡಿಯನ್ನೇ ಅಳಿಸುವುದು ಮೂರನೆಯ ಬಗೆ. ಅದು ಬೇರೆಯೇ ಕ್ರಮ. ‘ಹಳ್ಳಿಗಳು ವಿಲೀನವಾದವು’ ಎಂದು ಬರೆಯಬಹುದಾದದ್ದು ಆಗ ಮಾತ್ರ.

ಸಾಮರ್ಸ್‌ಬಿ, ಬ್ಯಾಗ್ ಎಂಡರ್ಬಿಗಳನ್ನೇ ನೋಡಿ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಎರಡೂ ಚರ್ಚು ಸಂತ ಮಾರ್ಗರೆಟ್ ಹೆಸರಿನವು, ಎರಡೂ ಆ ಸೀಮೆಯ ಹಸಿರು ಛಾಯೆಯ, ಮುಟ್ಟಿದರೆ ಉದುರುವಂಥ ಮರಳುಗಲ್ಲಿನವು. ಪಾದ್ರಿಯೂ ಒಬ್ಬರೇ. ಆದರೂ ಚರ್ಚು ಎರಡು, ಪ್ಯಾರಿಷ್ ಎರಡು.

ರಾಶಿ ರೆಕ್ಟರ್‌ಗೆ

ಇದು ನನ್ನ ನೆನಪಿನ ಸೂತ್ರ, ಇಷ್ಟದ್ದು ಕೂಡ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು, ದಶಮಾಂಶ, ಚರ್ಚಿಗೆ ಸಲ್ಲಬೇಕಿತ್ತು. ಕಣದ ರಾಶಿ, ಹುಲ್ಲು, ಸೌದೆ ಇವು ದೊಡ್ಡ ದಶಮಾಂಶ. ಉಣ್ಣೆ, ಕುರಿಮರಿ, ಹಾಲು, ಮೊಟ್ಟೆ ಇವು ಚಿಕ್ಕದು. ಎರಡೂ ಸಿಗುವ ಪಾದ್ರಿ ರೆಕ್ಟರ್. ಚಿಕ್ಕದು ಮಾತ್ರ ಸಿಗುವವರು ವಿಕರ್. ರಾಶಿ ಬಂದರೆ ರೆಕ್ಟರ್, ಅಷ್ಟೇ.

ಹಾಗಾದರೆ ವಿಕರ್ ಇದ್ದ ಊರಲ್ಲಿ ರಾಶಿ ಎಲ್ಲಿಗೆ ಹೋಗುತ್ತಿತ್ತು? ಹೆಚ್ಚಾಗಿ ಯಾವುದೋ ಮಠಕ್ಕೆ. ಮಠವೇ ಅಲ್ಲಿ ರೆಕ್ಟರ್, ಊರಿನಲ್ಲಿ ಅದರ ಬದಲಿಗೆ ಕೂತವರು ವಿಕರ್. ಲ್ಯಾಟಿನ್ ಮೂಲದಲ್ಲಿ ಆ ಪದದ ಅರ್ಥವೂ ‘ಬದಲಿಯವನು’ ಎಂದೇ. 1536ರಿಂದ 1540ರೊಳಗೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಆ ದೊಡ್ಡ ದಶಮಾಂಶ ಜಮೀನ್ದಾರರ ಪಾಲಾಯಿತು. ಜೊತೆಗೆ ಚರ್ಚಿನ ಪೂರ್ವಭಾಗ, ಅಂದರೆ ಚಾನ್ಸೆಲ್ ರಿಪೇರಿ ಮಾಡಿಸುವ ಹೊಣೆಯೂ ಹೋಯಿತು. ಹಳೆಯ ಕಥೆ ಎಂದು ಬಿಡಬೇಡಿ: ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಹಳ್ಳಿಯಲ್ಲಿ ಒಂದು ಜಮೀನಿನ ಒಡೆಯರೇ ಚಾನ್ಸೆಲ್ ದುರಸ್ತಿಯ ಖರ್ಚು ಕೊಡಬೇಕೆಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟದ್ದು 2003ರಲ್ಲಿ.

1836ರಲ್ಲಿ ದಶಮಾಂಶವನ್ನು ಹಣಕ್ಕೆ ಬದಲಿಸುವ ಕಾನೂನು ಬಂತು. ಈಗ ರೆಕ್ಟರ್, ವಿಕರ್ ಎರಡೂ ಹೆಸರಿಗೆ ಮಾತ್ರ.

ಪಾದ್ರಿಯನ್ನು ಆರಿಸುವ ಹಕ್ಕು ಪೋಷಕರದು: ಬಿಷಪ್, ಜಮೀನ್ದಾರ, ಕಾಲೇಜು, ಯಾರಾದರೂ ಆಗಬಹುದು. ಸೆಲ್‌ಬೋರ್ನ್ ಹಳ್ಳಿಯ ಹಕ್ಕು ಆಕ್ಸ್‌ಫರ್ಡಿನ ಮಾಗ್ಡಲೆನ್ ಕಾಲೇಜಿನದು. ಆ ಊರಿನ ನಿಸರ್ಗ ಲೇಖಕ, ಪಾದ್ರಿ ಗಿಲ್ಬರ್ಟ್ ವೈಟ್ ಓರಿಯಲ್ ಕಾಲೇಜಿನವರು. ಅದಕ್ಕೇ ಅವರು ತಮ್ಮ ಊರಿನಲ್ಲಿ ಕ್ಯುರೇಟ್ (ಸಹಾಯಕ ಪಾದ್ರಿ) ಆಗಿದ್ದರೇ ಹೊರತು ವಿಕರ್ ಆಗಲಿಲ್ಲ.

ಗ್ರೂಪ್, ಟೀಮ್

1949ರಲ್ಲಿ ಇದೇ ಲಿಂಕನ್‌ಶೈರಿನ ಸೌತ್ ಆರ್ಮ್ಸ್‌ಬಿ ಸುತ್ತಲಿನ ಸಣ್ಣ ಪ್ಯಾರಿಷ್‌ಗಳು ಒಂದು ಗುಂಪಾದವು. 1968ರ ಕಾನೂನು ಇಂಥ ಏರ್ಪಾಡುಗಳಿಗೆ ಎರಡು ರೂಪ ಕೊಟ್ಟಿತು. ಗ್ರೂಪ್ ಆದರೆ ಬೆನಿಫಿಸ್‌ಗಳು ಬೇರೆ ಬೇರೆ, ಪಾದ್ರಿಗಳು ಒಬ್ಬರಿಗೊಬ್ಬರು ಹೆಗಲು ಕೊಡುತ್ತಾರೆ. ಟೀಮ್ ಆದರೆ ಬೆನಿಫಿಸ್ ಒಂದೇ, ಮುಖ್ಯಸ್ಥರು ಟೀಮ್ ರೆಕ್ಟರ್, ಉಳಿದವರು ಟೀಮ್ ವಿಕರ್. ಇಲ್ಲಿ ಮಾತ್ರ ರಾಶಿ ಸೂತ್ರ ಹಚ್ಚಬೇಡಿ, ಕೈಕೊಡುತ್ತದೆ.

ಪ್ರತಿ ಚರ್ಚಿನಲ್ಲೂ ಪ್ರತಿ ಭಾನುವಾರ ಆರಾಧನೆ ನಡೆಯಲೇಬೇಕು ಎಂಬ ನಿಯಮವನ್ನು 2019ರಲ್ಲಿ ಸಡಿಲಿಸಿದರು. ನಡೆಯುತ್ತಿದ್ದದ್ದು ಮೊದಲಿನಿಂದಲೂ ಸರದಿಯೇ. ಬಾಗಿಲ ಪಕ್ಕದ ಹಲಗೆಯಲ್ಲಿ ತಿಂಗಳ ಪಟ್ಟಿ ಅಂಟಿಸಿರುತ್ತಾರೆ: ಮೊದಲ ಭಾನುವಾರ ಈ ಊರು, ಎರಡನೆಯದು ಆ ಊರು. ತಿಂಗಳಲ್ಲಿ ಐದನೆಯ ಭಾನುವಾರ ಬಿದ್ದರೆ ಅನೇಕ ಗುಂಪುಗಳಲ್ಲಿ ಎಲ್ಲ ಊರಿನವರೂ ಒಂದೇ ಚರ್ಚಿಗೆ ಬಂದು ಕೂಡುತ್ತಾರೆ.