ಟೈಗರ್ ಫಿಶ್: ಹುಲಿಯಿಲ್ಲದ ನಾಡಿನ ಹುಲಿಮೀನು

ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ. ಅಲ್ಲಿನ ನದಿಗಳಲ್ಲಿ ಮಾತ್ರ ಟೈಗರ್ ಫಿಶ್ ಇದೆ. ಮೈಮೇಲಿನ ಕಪ್ಪು ಪಟ್ಟೆ, ಬಾಯಿಂದ ಹೊರಗೆ ಇಣುಕುವ ಹಲ್ಲು, ಇಷ್ಟು ಸಾಕಾಯ್ತು ಹೆಸರಿಡೋಕೆ. ಆದರೆ ಪಟ್ಟೆ ಹುಲಿಯ ಥರ ಅಡ್ಡಡ್ಡ ಅಲ್ಲ, ತಲೆಯಿಂದ ಬಾಲದ ಕಡೆಗೆ ಉದ್ದುದ್ದ.

ವಿಜ್ಞಾನದಲ್ಲಿ ಇದರ ಕುಲದ ಹೆಸರು ಹೈಡ್ರೋಸೈನಸ್. ಗ್ರೀಕ್‌ನ ನೀರು, ನಾಯಿ ಎಂಬ ಎರಡು ಪದ ಸೇರಿ ಆದದ್ದು. ಕನ್ನಡಕ್ಕೆ ತಂದರೆ ನೇರವಾಗಿ 'ನೀರುನಾಯಿ' ಅಲ್ವಾ? ಆದರೆ ನಮಗೆ ನೀರುನಾಯಿ ಅಂದರೆ ತುಂಗಭದ್ರೆಯ ಬಂಡೆಗಳ ನಡುವೆ ಓಡಾಡುವ, ಮೈತುಂಬ ಕೂದಲಿನ ಪ್ರಾಣಿ. ಅದೂ ಮೀನು ತಿನ್ನುತ್ತದೆ ಅನ್ನೋದು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಹಾಗಾಗಿ ಕನ್ನಡದಲ್ಲಿ 'ಹುಲಿಮೀನು' ಅನ್ನುವುದೇ ವಾಸಿ.

ಇದರಲ್ಲಿ ಹಲವು ಜಾತಿಗಳಿವೆ. ಜಾಂಬೆಜಿ, ಒಕವಾಂಗೊ ನದಿಗಳಲ್ಲಿ, ಕರಿಬಾ ಸರೋವರದಲ್ಲಿ ಸಿಗುವುದು 'ವಿಟ್ಟಾಟಸ್'. ಲ್ಯಾಟಿನ್‌ನಲ್ಲಿ ಪಟ್ಟೆಯುಳ್ಳದ್ದು ಎಂದರ್ಥ. ಕಾಂಗೊ ನದಿಯ ದೈತ್ಯನಿಗೆ 'ಗೋಲಿಯಾತ್' ಎಂದು ಬೈಬಲ್ಲಿನ ದೈತ್ಯ ಯೋಧನ ಹೆಸರು. ಒಂದೂವರೆ ಮೀಟರ್ ಉದ್ದ, ಸುಮಾರು 50 ಕಿಲೋ ತೂಕದವರೆಗೂ ಬೆಳೆಯುತ್ತದೆ.

ಹಲ್ಲಿನ ವಿಷಯ ಹೇಳಲೇಬೇಕು. ಬಾಯಿ ಮುಚ್ಚಿದಾಗಲೂ ಅವು ಹೊರಗೇ ಕಾಣುತ್ತವೆ. ಮೇಲಿನ ಹಲ್ಲು ಕೆಳಗಿನವುಗಳ ಸಂದಿಯಲ್ಲಿ ಬಂದು ಕೂರುತ್ತವೆ, ಜಿಪ್ ಎಳೆದ ಹಾಗೆ. ಇದಕ್ಕೆ ಗಾಳ ಹಾಕುವವರು ಕೊಕ್ಕೆಗೂ ದಾರಕ್ಕೂ ನಡುವೆ ಸ್ಟೀಲ್ ತಂತಿ ಕಟ್ಟುತ್ತಾರೆ. ಬರೀ ನೈಲಾನ್ ದಾರ ಆದರೆ ಕಚಕ್ಕನೆ ಕತ್ತರಿಸಿಬಿಡುತ್ತದೆ.

ಊಟ ಮುಖ್ಯವಾಗಿ ಸಣ್ಣ ಮೀನುಗಳು. ಕರಿಬಾದಲ್ಲಂತೂ ಟ್ಯಾಂಗನಿಕಾ ಸರೋವರದಿಂದ ತಂದು ಬಿಟ್ಟ ಕಪೆಂಟಾ ಎಂಬ ಪುಟ್ಟ ಮೀನು ಇದಕ್ಕೆ ಹಬ್ಬದೂಟ. ಆದರೆ ಮೀನಿಗಷ್ಟೇ ನಿಲ್ಲುವುದಿಲ್ಲ. ಹಾರುವ ಹಕ್ಕಿಯನ್ನೂ ಹಿಡಿಯುತ್ತದೆ ಎಂಬ ಮಾತು ಬಹಳ ವರ್ಷ ಬೇಟೆಗಾರರ ಕಥೆಯಂತೆ ಇತ್ತು. ದಕ್ಷಿಣ ಆಫ್ರಿಕಾದ ಮಾಪುಂಗುಬ್ವೆ ಉದ್ಯಾನದ ಅಣೆಕಟ್ಟೆಯೊಂದರ ನೀರಿನಲ್ಲಿ ಸಂಶೋಧಕರು ಅದನ್ನು ಕಣ್ಣಾರೆ ಕಂಡು, ವಿಡಿಯೊ ಕೂಡ ಮಾಡಿದರು. ಬಲಿಯಾದದ್ದು ಕವಲುತೋಕೆ. ಚಳಿಗಾಲದಲ್ಲಿ ನಮ್ಮ ಕೆರೆ, ಗದ್ದೆಗಳ ಮೇಲೂ ಹಾರಾಡುತ್ತಲ್ಲ, ಅದೇ ಹಕ್ಕಿ.

ಹಿಡಿಯುವುದರಲ್ಲಿ ಎರಡು ಬಗೆ. ಒಂದು, ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಹಕ್ಕಿಯ ಹಿಂದೆಯೇ ಓಡಿ ಮೇಲಕ್ಕೆ ನೆಗೆಯುವುದು. ಇನ್ನೊಂದು, ಆಳದಿಂದ ನೇರ ಬಾಣದಂತೆ ಎದ್ದು ಬಾಯಿ ಹಾಕುವುದು. ನೀರಿನೊಳಗಿಂದ ನೋಡಿದರೆ ಹಕ್ಕಿ ಇರುವ ಜಾಗವೇ ಬೇರೆ, ಕಾಣುವ ಜಾಗವೇ ಬೇರೆ. ಆ ಲೆಕ್ಕವನ್ನೂ ಹಾಕಿಕೊಂಡೇ ಮೀನು ನೆಗೆಯಬೇಕು. ದಿನಕ್ಕೆ 20ರಷ್ಟು ಹಕ್ಕಿಗಳು ಹೀಗೆ ಮಾಯವಾಗುತ್ತಿದ್ದವಂತೆ.