ದೂಳು ತೆಗೆಯದೆ ಕಾರ್ಪೆಟ್‌ಗೆ ಕಾಂಪೌಂಡ್ ಹಾಕಬೇಡಿ

ಬೆಂಗಳೂರಿನ ಐಟಿ ಕಚೇರಿಗಳ ನೆಲದಲ್ಲಿ ಹೆಚ್ಚಾಗಿ ಕಾಣುವುದು 50 ಸೆಂಟಿಮೀಟರ್ ಚೌಕದ ನೈಲಾನ್ ಕಾರ್ಪೆಟ್ ಟೈಲುಗಳು. ಎಷ್ಟೋ ಕಡೆ ಅವುಗಳ ಕೆಳಗೆ ಎತ್ತರಿಸಿದ ನೆಲ, ಅದರಡಿ ವಿದ್ಯುತ್ ಮತ್ತು ನೆಟ್‌ವರ್ಕ್ ಕೇಬಲ್‌ಗಳು. ಇಂತಹ ಕಡೆ ನೀರು ಸುರಿದು ತೊಳೆಯುವುದು ಅಪಾಯ. ಭಾನುವಾರ ಎಸಿ ನಿಲ್ಲಿಸಿದ ಮಹಡಿಯಲ್ಲಿ ಒದ್ದೆ ಉಳಿದರೆ ಸೋಮವಾರ ಬೆಳಿಗ್ಗೆ ಮುಗ್ಗಲು ವಾಸನೆ ಖಚಿತ. ಅದಕ್ಕಾಗಿಯೇ ಡ್ರೈ ಕಾಂಪೌಂಡ್‌ಗೆ, ಅಂದರೆ ಕಾರ್ಪೆಟ್ ಮೇಲೆ ಹರಡಿ, ಉಜ್ಜಿ, ವ್ಯಾಕ್ಯೂಮ್‌ನಿಂದ ತೆಗೆಯುವ ಶುಚಿಕಾರಕ ಕಣಗಳಿಗೆ, ಬೇಡಿಕೆ. ಪದ್ಧತಿ ನಿಜಕ್ಕೂ ಒಳ್ಳೆಯದು. ಆದರೆ ಮುಷ್ಟಿ ಮುಷ್ಟಿ ಎರಚಿ, ಅವಸರದಲ್ಲಿ ಉಜ್ಜಿ, ಒಂದು ಸಲ ವ್ಯಾಕ್ಯೂಮ್ ಎಳೆದು ಮುಗಿಸುವ ಕೆಲಸವನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಕೈಯದು, ಕೆಟ್ಟ ಹೆಸರು ಕಾಂಪೌಂಡ್‌ಗೆ.

ಹೆಸರಿನಲ್ಲಿ ‘ಡ್ರೈ’ ಇದ್ದರೂ ಅದು ಒಣ ಪುಡಿಯಲ್ಲ. ಸೆಲ್ಯುಲೋಸ್, ಮೆಕ್ಕೆಜೋಳದ ದಿಂಡು ಅಥವಾ ಪಾಲಿಮರ್‌ನಿಂದ ಮಾಡಿದ ಸಣ್ಣ ಕಣಗಳಿಗೆ ನೀರು, ಡಿಟರ್ಜೆಂಟ್, ಸ್ವಲ್ಪ ದ್ರಾವಕ ಹೀರಿಸಿರುತ್ತಾರೆ. ಹಿಡಿಯಲ್ಲಿ ಒತ್ತಿದರೆ ತೇವ ತಿಳಿಯಬೇಕು, ನೀರು ಒಸರಬಾರದು. ಬ್ರಷ್ ಉಜ್ಜಿದಾಗ ಡಿಟರ್ಜೆಂಟ್ ಎಳೆಗೆ ಅಂಟಿದ ಜಿಡ್ಡನ್ನು ಸಡಿಲಿಸುತ್ತದೆ, ಸಡಿಲವಾದ ಕೊಳೆಯನ್ನು ಕಣ ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಕಣವನ್ನು ವ್ಯಾಕ್ಯೂಮ್‌ನಿಂದ ಹೊರಗೆ ತೆಗೆದಾಗಲೇ ಕಾರ್ಪೆಟ್ ಸ್ವಚ್ಛವಾಗುವುದು. ಮುಚ್ಚಳ ತೆರೆದಿಟ್ಟು ಒಣಗಿದ ಡಬ್ಬಿಯ ಕಾಂಪೌಂಡ್‌ನಲ್ಲಿ ಈ ಶಕ್ತಿ ಉಳಿದಿರುವುದಿಲ್ಲ. ಅದಕ್ಕೆ ನೀರು ಚಿಮುಕಿಸಿ ಮತ್ತೆ ಬಳಸಲು ಹೋಗಬೇಡಿ, ಆವಿಯಾಗಿ ಹೋದ ದ್ರಾವಕ ನೀರಿನಿಂದ ಮರಳುವುದಿಲ್ಲ.

ಕಾರ್ಪೆಟ್‌ನೊಳಗಿನ ಕೊಳೆಯಲ್ಲಿ ಬಹುಪಾಲು ಒಣ ಕೊಳೆಯೇ: ಮರಳು, ಮಣ್ಣು, ಬಟ್ಟೆಯ ನಾರು, ಚರ್ಮದ ಹೊಟ್ಟು. ನಮ್ಮ ಊರಿನಲ್ಲಿ ಇದಕ್ಕೆ ಕೆಂಪು ಮಣ್ಣು, ರಸ್ತೆ ಮತ್ತು ಕಟ್ಟಡ ಕಾಮಗಾರಿಯ ಸಿಮೆಂಟ್ ದೂಳು ಸೇರುತ್ತವೆ. ಇದನ್ನು ತೆಗೆಯದೆ ತೇವದ ಕಣ ಹರಡಿದರೆ ದೂಳು ಕೆಸರಾಗಿ ಎಳೆಗಳ ಬುಡಕ್ಕೆ ಕೂರುತ್ತದೆ, ಕಣದ ಹೀರುವ ಶಕ್ತಿ ಈ ಕೆಸರಿಗೇ ವ್ಯಯವಾಗುತ್ತದೆ. ‘ದಿನವೂ ಹೌಸ್‌ಕೀಪಿಂಗ್‌ನವರು ವ್ಯಾಕ್ಯೂಮ್ ಮಾಡುತ್ತಾರಲ್ಲ’ ಎಂದು ಗ್ರಾಹಕರು ಕೇಳುತ್ತಾರೆ. ದಿನದ ವ್ಯಾಕ್ಯೂಮ್ ಮೇಲಿನ ಕಸಕ್ಕೆ ಸಾಕು. ಇಲ್ಲಿ ಬೇಕಾಗಿರುವುದು ತಿರುಗುವ ಬ್ರಷ್ ಇರುವ ಯಂತ್ರ ಹಿಡಿದು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ನಿಧಾನವಾಗಿ ಎಳೆಯುವ ಕೆಲಸ. ಲಿಫ್ಟ್ ಮುಂದೆ, ಪ್ಯಾಂಟ್ರಿ ಬಾಗಿಲಲ್ಲಿ, ಜನ ಓಡಾಡುವ ದಾರಿಯಲ್ಲಿ ಇನ್ನೂ ಹೆಚ್ಚು ಸಲ. ಒಟ್ಟು ಸಮಯದ ಅರ್ಧದಷ್ಟು ಇದಕ್ಕೇ ಹೋದರೂ ನಾನು ಒಪ್ಪುತ್ತೇನೆ.

ಹಾಕುವ ಮೊದಲು ಮರೆಯಾದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕು. ಕಾಫಿ, ಶಾಯಿಯ ಕಲೆಗಳಿಗೆ ಬೇರೆ ಬೇರೆ ಉಪಚಾರ ಆಗಲೇ ಮುಗಿದಿರಬೇಕು. ನೆಲದ ಪ್ಲಗ್ ಡಬ್ಬಿಗಳಿಗೂ ಕೇಬಲ್ ತೂತುಗಳಿಗೂ ಟೇಪ್ ಅಂಟಿಸಿ. ಅಲ್ಲಿಗೆ ಬಿದ್ದ ಕಣಗಳನ್ನು ಮತ್ತೆ ಹೊರತೆಗೆಯುವುದು ಬಹಳ ಕಷ್ಟ. ಹೆಚ್ಚು ಜಿಡ್ಡಿರುವ ದಾರಿಗೆ ಮಾತ್ರ ಮುಂಚೆ ಹದವಾಗಿ ಶುಚಿಕಾರಕ ದ್ರವ ಸಿಂಪಡಿಸಿ.

ಬಾಗಿಲಿನಿಂದ ದೂರದ ಮೂಲೆಯಲ್ಲಿ ಆರಂಭಿಸಿ ಹಿಂದಕ್ಕೆ ಬನ್ನಿ. ಕಣ ಒಣಗುವುದರೊಳಗೆ ಉಜ್ಜಿ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಹಾಕಿ. ಎಸಿ ಗಾಳಿ ನೇರವಾಗಿ ಬೀಳುವಲ್ಲಿ ಬೇಗ ಒಣಗುವುದರಿಂದ ಜಾಗ ಇನ್ನೂ ಚಿಕ್ಕದಿರಲಿ. ಪದರ ತೆಳುವಾಗಿ, ಒಂದೇ ಸಮನಾಗಿರಬೇಕು, ನಡುನಡುವೆ ಕಾರ್ಪೆಟ್‌ನ ಬಣ್ಣ ಕಾಣಬೇಕು. ಓಡಾಟದ ದಾರಿಗೆ ತುಸು ಹೆಚ್ಚು. ರಾಶಿ ಬಿದ್ದಲ್ಲಿ ಹೆಚ್ಚು ಶುಭ್ರವಾಗುವುದಿಲ್ಲ, ತೆಗೆಯುವ ಕೆಲಸ ಮಾತ್ರ ಹೆಚ್ಚುತ್ತದೆ.

ಉಜ್ಜಲು ಎದುರುಬದುರಾಗಿ ತಿರುಗುವ ಎರಡು ಉರುಳೆ ಬ್ರಷ್‌ಗಳ ಯಂತ್ರವೇ ಸರಿ. ಅದು ಎಳೆಗಳನ್ನು ನಿಲ್ಲಿಸಿ, ಕಣಗಳನ್ನು ಬುಡದವರೆಗೆ ಇಳಿಸುತ್ತದೆ. ಒಂದೇ ತಟ್ಟೆ ಸುತ್ತುವ ಯಂತ್ರ ಕಣಗಳನ್ನು ಬದಿಗೆ ಎಸೆಯುತ್ತದೆ, ಕತ್ತರಿಸಿದ ಎಳೆಯ ಕಾರ್ಪೆಟ್ ಆದರೆ ಎಳೆ ತಿರುಚುತ್ತದೆ. ಗೋಡೆಯಂಚಿಗೆ ಕೈ ಬ್ರಷ್ ಬೇಕು. ಆಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಚಿಟಿಕೆ ಕಣ ಎತ್ತಿ ನೋಡಿ: ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಹೊತ್ತಾಗಿಲ್ಲ, ಉದುರಿದರೆ ವ್ಯಾಕ್ಯೂಮ್ ಹಿಡಿಯಬಹುದು. ಎರಡೂ ದಿಕ್ಕಿಗೆ ಎಳೆದ ಮೇಲೆ ಎಳೆಗಳನ್ನು ಬೆರಳಿನಿಂದ ಸೀಳಿ ಬುಡ ನೋಡಿ. ಅಲ್ಲಿ ಕಣ ಉಳಿದಿದ್ದರೆ ಮತ್ತೊಮ್ಮೆ ಎಳೆಯಬೇಕು. ಮರುದಿನ ಕುರ್ಚಿ ಚಕ್ರದ ಸುತ್ತ, ಕಪ್ಪು ಶೂಗಳ ಮೇಲೆ ಬಿಳಿ ಪುಡಿ ಕಂಡಿತೆಂಬ ದೂರುಗಳ ಮೂಲ ಬಹುತೇಕ ಇದೇ.

ಕೆಲವು ಕಡೆ ಈ ಪದ್ಧತಿಗೆ ನಾನು ಒಪ್ಪುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಆದಂತೆ ಮಳೆನೀರು ಒಳಗೆ ನುಗ್ಗಿದ ಕಟ್ಟಡದಲ್ಲಿ ಕಾಂಪೌಂಡ್‌ಗೆ ಕೆಲಸವಿಲ್ಲ. ತಂಪು ಪಾನೀಯ ಧಾರಾಳವಾಗಿ ಚೆಲ್ಲಿದ ಜಾಗಕ್ಕೆ ನೀರು ಹಾಯಿಸಿ ಹೀರುವ ಯಂತ್ರವೇ ಬೇಕು. ಉದ್ದ ಎಳೆಯ ಶ್ಯಾಗ್ ಕಾರ್ಪೆಟ್‌ನಿಂದ ಕಣ ಪೂರ್ತಿ ಹೊರಬರುವುದಿಲ್ಲ. ನವಲಗುಂದದ ಜಮಖಾನೆಗೂ ಹಾಕಬಹುದೇ ಎಂದರೆ ಬೇಡ ಎನ್ನುತ್ತೇನೆ: ಅದು ಹತ್ತಿಯ ಚಪ್ಪಟೆ ನೇಯ್ಗೆ, ಬ್ರಷ್ ಎತ್ತಿ ನಿಲ್ಲಿಸಬೇಕಾದ ಎಳೆಯೇ ಅದರಲ್ಲಿಲ್ಲ.

ಇನ್ನು ದರ. ಚದರ ಅಡಿಗೆ ಇಷ್ಟೆಂದು ಹಿಂಡಿ ಇಳಿಸಿದಾಗ ಗುತ್ತಿಗೆದಾರ ಮೊದಲು ಕತ್ತರಿಸುವುದು ಕಾಂಪೌಂಡನ್ನಲ್ಲ, ವ್ಯಾಕ್ಯೂಮಿನ ಹೊತ್ತನ್ನು. ಹಾಕುವ ಮುಂಚೆ ಎಷ್ಟು ಸಲ, ಹಾಕಿದ ಮೇಲೆ ಎಷ್ಟು ಸಲ ವ್ಯಾಕ್ಯೂಮ್ ಎಂಬುದನ್ನು ಗುತ್ತಿಗೆ ಪತ್ರದಲ್ಲಿಯೇ ಬರೆಸಿ. ಕೆಲಸಗಾರರಿಗೆ ಮಾಸ್ಕ್, ಕೈಗವಸು ಕೊಡಬೇಕೆಂಬುದೂ ಅದೇ ಪತ್ರದಲ್ಲಿರಲಿ.